ಸಾಕ್ಷ್ಯಚಿತ್ರಕ್ಕೊಂದು ಪಾಟೀಸವಾಲು

‘ಡಾಕ್ಯುಮೆಂಟರಿ’ ಎಂಬ ಇಂಗ್ಲಿಷ್ ಪದದೊಳಗೆ ದಾಖಲೆ ಇದೆ. ಕನ್ನಡದಲ್ಲಿ ನಾವು ಬಳಸುವ ‘ಸಾಕ್ಷ್ಯಚಿತ್ರ’ ಎಂಬ ಪದದೊಳಗೆ ಸಾಕ್ಷಿ ಇದ್ದಾನೆ. ವ್ಯತ್ಯಾಸ ಚಿಕ್ಕದಾಗಿ ಕಂಡರೂ ನೋಡುಗರಿಗೆ ಅದು ಬಹಳ ಉಪಯುಕ್ತವಾದದ್ದು. ದಾಖಲೆಯನ್ನು ಓದಿ ಮಡಚಿಡಬಹುದು, ಸಾಕ್ಷಿಯನ್ನಾದರೋ ಪ್ರಶ್ನಿಸಲೇಬೇಕಾಗುತ್ತದೆ. ನ್ಯಾಯಾಲಯದಲ್ಲಿ ಸಾಕ್ಷಿಯು ಮೊದಲು ತನ್ನನ್ನು ಕರೆತಂದ ವಕೀಲರ ಪ್ರಶ್ನೆಗಳಿಗೆ ಉತ್ತರಿಸುತ್ತಾನೆ, ಅದು ಮುಖ್ಯವಿಚಾರಣೆ. ಆಮೇಲೆ ಎದುರು ಪಕ್ಷದ ವಕೀಲರು ಎದ್ದು ನಿಲ್ಲುತ್ತಾರೆ, ಅದು ಪಾಟೀಸವಾಲು. ಸಾಕ್ಷ್ಯಚಿತ್ರಗಳ ವಿಷಯದಲ್ಲಿ ನಾವು ಹೆಚ್ಚಿನವರು ಮುಖ್ಯವಿಚಾರಣೆ ಮುಗಿದೊಡನೆ ತೀರ್ಪು ಬರೆದು ಎದ್ದುಬಿಡುವ ನ್ಯಾಯಾಧೀಶರಂತೆ ನಡೆದುಕೊಳ್ಳುತ್ತೇವೆ. ಉಳಿದ ಅರ್ಧ ವಿಚಾರಣೆಯನ್ನು ಪ್ರೇಕ್ಷಕರೇ ನಡೆಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಪಾಟೀಸವಾಲು ಎಂದರೆ ಸಾಕ್ಷಿಯನ್ನು ಸುಳ್ಳುಗಾರನೆಂದು ಕರೆಯುವುದಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸಾಕ್ಷಿಗೆ ನಿಂತು ನೋಡಿದ ಒಂದು ಜಾಗ ಇರುತ್ತದೆ, ನೆನಪಿನ ಮಿತಿ ಇರುತ್ತದೆ, ಕೆಲವೊಮ್ಮೆ ಹಿತಾಸಕ್ತಿಯೂ ಇರುತ್ತದೆ; ಇವೆಲ್ಲ ಇದ್ದೂ ಅವನ ಮಾತು ನಿಜವಾಗಿರಬಹುದು. ಚಿತ್ರವೂ ಹಾಗೆಯೇ. ನೂರಾರು ಗಂಟೆಗಳ ಚಿತ್ರೀಕರಣವನ್ನು ತೊಂಬತ್ತು ನಿಮಿಷಕ್ಕೆ ಇಳಿಸುವ ಕೆಲಸದಲ್ಲಿ ಆಯ್ಕೆಯಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. 1926ರಲ್ಲಿ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ‘ಮೊವಾನಾ’ ಚಿತ್ರದ ವಿಮರ್ಶೆಯಲ್ಲಿ ‘ಡಾಕ್ಯುಮೆಂಟರಿ’ ಎಂಬ ಮಾತನ್ನು ಬಳಸಿ ಅದನ್ನು ಚಲಾವಣೆಗೆ ತಂದ ಸ್ಕಾಟ್ಲೆಂಡಿನ ಜಾನ್ ಗ್ರಿಯರ್ಸನ್ ಮುಂದೆ ಈ ಪ್ರಕಾರವನ್ನು ವಾಸ್ತವದ ಸೃಜನಶೀಲ ನಿರೂಪಣೆ ಎಂಬ ಅರ್ಥದಲ್ಲಿ ವಿವರಿಸಿದರು. ಅಂದರೆ ಕತ್ತರಿಯಾಡಿಸುವುದು ಈ ಕಲೆಯ ಹುಟ್ಟುಗುಣ. ಕತ್ತರಿ ಬಿದ್ದಿದೆಯೇ ಎಂದು ಕೇಳಿ ಪ್ರಯೋಜನವಿಲ್ಲ. ಎಲ್ಲಿ ಬಿದ್ದಿದೆ, ಆ ಬೆಸುಗೆಯನ್ನು ನಮ್ಮಿಂದ ಮುಚ್ಚಿಡಲಾಗಿದೆಯೇ ಎಂದು ಕೇಳಬೇಕು.

ಬೇಕಾದ ಸಾಮಗ್ರಿ ಕಡಿಮೆ: ನಿಲ್ಲಿಸಿ ಹಿಂದಕ್ಕೆ ಓಡಿಸಬಹುದಾದ ರೂಪದಲ್ಲಿ ಒಂದು ಸಾಕ್ಷ್ಯಚಿತ್ರ, ಒಂದು ನೋಟುಬುಕ್ಕು, ಒಂದು ಹೆಡ್‌ಫೋನು ಮತ್ತು ಒಂದಿಡೀ ಮಧ್ಯಾಹ್ನ. ಮೊದಲ ಸಲ ಏನನ್ನೂ ಬರೆದುಕೊಳ್ಳದೆ, ಚಿತ್ರ ತನ್ನನ್ನು ಹೇಗೆ ನೋಡಬೇಕೆಂದು ಬಯಸುತ್ತದೆಯೋ ಹಾಗೆಯೇ ನೋಡಿ. ಅಳು ಬಂದರೆ ಅಳಿ, ಸಿಟ್ಟು ಬಂದರೆ ಸಿಟ್ಟಾಗಿ. ಮುಗಿದ ಮೇಲೆ, ಈ ಚಿತ್ರ ನನ್ನನ್ನು ಏನನ್ನು ನಂಬುವಂತೆ ಮಾಡಿತು ಎಂಬುದನ್ನು ಮೂರು ವಾಕ್ಯಗಳಲ್ಲಿ ಬರೆದಿಡಿ. ಈ ಮೂರು ವಾಕ್ಯಗಳೇ ಮುಂದಿನ ವಿಚಾರಣೆಯ ವಸ್ತು. ಮೊದಲ ನೋಟದಲ್ಲೇ ದೋಷ ಹುಡುಕಲು ಕುಳಿತವರು ಚಿತ್ರದ ನಿಜವಾದ ಬಲವನ್ನು ಅನುಭವಿಸಿರುವುದಿಲ್ಲ, ಹಾಗಾಗಿ ಅದು ಎಲ್ಲಿಂದ ಬಂತೆಂದು ಪತ್ತೆ ಮಾಡುವುದೂ ಅವರಿಂದ ಆಗುವುದಿಲ್ಲ.

ಮೊದಲು ಧ್ವನಿಯನ್ನು ನಿಲ್ಲಿಸಿ

ಎರಡನೆಯ ಸಲ ನೋಡುವಾಗ, ನಿಮ್ಮನ್ನು ಹೆಚ್ಚು ಕಲಕಿದ ಐದು ನಿಮಿಷಗಳನ್ನು ಆರಿಸಿಕೊಂಡು ಧ್ವನಿಯಿಲ್ಲದೆ ನೋಡಿ. ಕಣ್ಣಿಗೆ ಬಿದ್ದದ್ದನ್ನು ಮಾತ್ರ ಬರೆಯಿರಿ. ‘ದುಃಖಿತಳಾದ ತಾಯಿ’ ಎಂದು ಬರೆಯಬೇಡಿ, ‘ಕಿಟಕಿಯ ಹೊರಗೆ ನೋಡುತ್ತಿರುವ ಸುಮಾರು ಐವತ್ತರ ಹೆಂಗಸು’ ಎಂದು ಬರೆಯಿರಿ. ‘ಭ್ರಷ್ಟ ಅಧಿಕಾರಿ’ ಎನ್ನಬೇಡಿ, ‘ಫೋನಿನಲ್ಲಿ ಮಾತಾಡುತ್ತಿರುವ, ಬಿಳಿ ಅಂಗಿಯ ಗಂಡಸು’ ಎನ್ನಿ. ಬಳಿಕ ಅದೇ ಐದು ನಿಮಿಷಗಳನ್ನು ಧ್ವನಿಯೊಂದಿಗೆ ನೋಡಿ, ಪಕ್ಕದ ಅಂಕಣದಲ್ಲಿ ನಿರೂಪಣೆ ಹೇಳಿದ್ದನ್ನು ಬರೆಯಿರಿ. ಎರಡು ಅಂಕಣಗಳ ನಡುವಿನ ಅಂತರವೇ ನಿರ್ದೇಶಕರ ದೃಷ್ಟಿಕೋನ. ಚಿತ್ರಿಕೆ (ಶಾಟ್) ತಾನಾಗಿ ಹೇಳದಿರುವ, ಮಾತು ಮಾತ್ರ ಹೇರಿರುವ ಅರ್ಥಗಳೆಲ್ಲ ಆ ಅಂತರದಲ್ಲಿ ಸಿಗುತ್ತವೆ.

ಈ ಅಭ್ಯಾಸವನ್ನು ಚಿತ್ರದೊಳಗೇ ಮಾಡಿ ತೋರಿಸಿದವರು ಫ್ರಾನ್ಸಿನ ಕ್ರಿಸ್ ಮಾರ್ಕರ್. 1957ರ ಅವರ ‘ಲೆಟರ್ ಫ್ರಮ್ ಸೈಬೀರಿಯಾ’ದಲ್ಲಿ ಯಾಕುತ್ಸ್ಕ್ ನಗರದ ಒಂದು ಬೀದಿ ಬರುತ್ತದೆ: ಬಸ್ಸೊಂದು ಕಾರೊಂದು ಹಾದುಹೋಗುತ್ತವೆ, ಕೆಲಸಗಾರರು ರಸ್ತೆ ಸಮ ಮಾಡುತ್ತಿರುತ್ತಾರೆ, ಮೆಳ್ಳೆಗಣ್ಣಿನ ಒಬ್ಬಾತ ಕ್ಯಾಮೆರಾದ ಮುಂದೆ ಹಾದುಹೋಗುತ್ತಾನೆ. ಇದೇ ದೃಶ್ಯಗಳು ಮೂರು ಬೇರೆ ನಿರೂಪಣೆಗಳೊಂದಿಗೆ ಮತ್ತೆ ಮತ್ತೆ ಬರುತ್ತವೆ. ಒಂದರಲ್ಲಿ ಅದು ಸೋವಿಯತ್ ವ್ಯವಸ್ಥೆಯ ಪ್ರಗತಿ, ಇನ್ನೊಂದರಲ್ಲಿ ಅದೇ ವ್ಯವಸ್ಥೆಯ ದಾಸ್ಯ, ಮತ್ತೊಂದರಲ್ಲಿ ಯಾವ ಪಕ್ಷವನ್ನೂ ಹಿಡಿಯದಂತೆ ತೋರುವ ವರದಿ. ಮೂರನೆಯದನ್ನು ಕೇಳುವ ಹೊತ್ತಿಗೆ ನೋಡುಗರಿಗೆ ಅದರ ಮೇಲೂ ನಂಬಿಕೆ ಉಳಿದಿರುವುದಿಲ್ಲ, ಮಾರ್ಕರ್‌ಗೆ ಬೇಕಾದದ್ದೂ ಅದೇ ಎಂದು ನನಗೆ ಅನ್ನಿಸುತ್ತದೆ. ತಟಸ್ಥ ಧ್ವನಿಯೂ ಒಂದು ಧ್ವನಿಯೇ.

ಧ್ವನಿಯ ಗುರುತು ಕೂಡ ಕೆಲಸ ಮಾಡುತ್ತದೆ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ನಿರ್ದೇಶಿಸಿದ ‘ವೈಲ್ಡ್ ಕರ್ನಾಟಕ’ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ಅವರ ನಿರೂಪಣೆ ಇದೆ, ಕನ್ನಡ ಆವೃತ್ತಿಗೆ ರಿಷಬ್ ಶೆಟ್ಟಿಯವರ ಧ್ವನಿ ಇದೆ. ಕಾಡು ಒಂದೇ, ಹುಲಿಯೂ ಒಂದೇ. ಆದರೆ ದೂರದಿಂದ ಬಂದ ಪ್ರಪಂಚಪ್ರಸಿದ್ಧ ನಿಸರ್ಗತಜ್ಞನೊಬ್ಬ ನಮ್ಮ ಕಾಡನ್ನು ವಿವರಿಸುವಾಗ ಉಂಟಾಗುವ ಭಾವಕ್ಕೂ ಕರಾವಳಿಯ ಮನುಷ್ಯನೊಬ್ಬ ತನ್ನದೇ ನೆಲದ ಬಗ್ಗೆ ಹೇಳುವಾಗ ಉಂಟಾಗುವ ಭಾವಕ್ಕೂ ಇರುವ ವ್ಯತ್ಯಾಸವನ್ನು ಎರಡನ್ನೂ ಬೆನ್ನುಬೆನ್ನಿಗೆ ಕೇಳಿದವರು ಕಂಡುಕೊಳ್ಳಬಹುದು. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್ ತನ್ನ ವಾರ್ತಾಚಿತ್ರಗಳನ್ನು ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರದ ಮೊದಲು ಕಡ್ಡಾಯವಾಗಿ ತೋರಿಸುತ್ತಿದ್ದ ಕಾಲವನ್ನು ಕಂಡವರಿಗೆ ಆ ಗಂಭೀರವಾದ, ಸಂಶಯವೇ ಇಲ್ಲದ ಗಂಡುದನಿ ಇನ್ನೂ ಕಿವಿಯಲ್ಲಿರಬಹುದು. ಅಣೆಕಟ್ಟು, ಕಾರ್ಖಾನೆ, ನಗುವ ರೈತ ಇವುಗಳ ಮೇಲೆಲ್ಲ ಆ ದನಿ ಸರ್ಕಾರದ ಮೊಹರಿನಂತೆ ಬೀಳುತ್ತಿತ್ತು.

ಮಾತಿನ ಬೆಸುಗೆ

ವಿಚಾರಣೆಯ ಅತಿ ಮುಖ್ಯವಾದ ಭಾಗ ಇದು, ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ಸಂದರ್ಶನದಲ್ಲಿ ವ್ಯಕ್ತಿಯೊಬ್ಬರು ಮಾತಾಡುತ್ತಿರುವಾಗ ಚಿತ್ರಿಕೆ ಅವರ ಮುಖ ಬಿಟ್ಟು ಬೇರೆಡೆ ಹೋಗುವ ಪ್ರತಿ ಸಂದರ್ಭವನ್ನೂ ನಿಮಿಷ, ಸೆಕೆಂಡುಗಳ ಸಮೇತ ಗುರುತು ಹಾಕಿಕೊಳ್ಳಿ. ಕೈಬೆರಳು, ಗೋಡೆಯ ಮೇಲಿನ ಫೋಟೋ, ಮೇಜಿನ ಮೇಲಿನ ಕನ್ನಡಕ, ತಲೆಯಾಡಿಸುತ್ತಿರುವ ಸಂದರ್ಶಕ, ಇವುಗಳನ್ನು ಸಂಕಲನದ ಭಾಷೆಯಲ್ಲಿ ಕಟ್‌ಅವೇ ಎನ್ನುತ್ತಾರೆ. ಮುಖ ಕಾಣುತ್ತಿರುವಾಗ ಮಾತನ್ನು ಕತ್ತರಿಸಿದರೆ ತಲೆ ಹಠಾತ್ತನೆ ಜಿಗಿದಂತೆ ಕಾಣುತ್ತದೆ. ಮುಖ ಮರೆಯಾಗಿರುವಾಗ ಕತ್ತರಿಸಿದರೆ ಯಾರಿಗೂ ತಿಳಿಯುವುದಿಲ್ಲ. ಹೆಚ್ಚಿನ ಸಲ ಈ ಅನುಕೂಲವನ್ನು ಬಳಸುವುದು ಕೆಮ್ಮು, ತೊದಲು, ಮೂರು ಸಲ ಹೇಳಿದ ಒಂದೇ ಮಾತು ಇಂಥವುಗಳನ್ನು ತೆಗೆಯಲಿಕ್ಕೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇನ್ನೊಂದು ಪ್ರಶ್ನೆಯ ಪಕ್ಕದಲ್ಲಿ ತಂದಿಡುವುದಕ್ಕೂ ಇದೇ ಅನುಕೂಲ ಸಾಕಾಗುತ್ತದೆ.

2015ರಲ್ಲಿ ಅಮೆರಿಕದ ಎಚ್‌ಬಿಒ ವಾಹಿನಿ ಪ್ರಸಾರ ಮಾಡಿದ ‘ದಿ ಜಿಂಕ್ಸ್’ ಸರಣಿಯ ಕೊನೆಯ ದೃಶ್ಯ ಇದಕ್ಕೆ ನನಗೆ ತಿಳಿದಿರುವ ಅತ್ಯಂತ ಕಠಿಣ ಉದಾಹರಣೆ. ಕೊಲೆಗಳ ಶಂಕೆಗೆ ಒಳಗಾಗಿದ್ದ, ನ್ಯೂಯಾರ್ಕಿನ ಶ್ರೀಮಂತ ರಿಯಲ್ ಎಸ್ಟೇಟ್ ಮನೆತನದ ರಾಬರ್ಟ್ ಡರ್ಸ್ಟ್ ಸಂದರ್ಶನ ಮುಗಿಸಿ ಶೌಚಾಲಯಕ್ಕೆ ಹೋಗುತ್ತಾರೆ, ಅಂಗಿಗೆ ಸಿಕ್ಕಿಸಿದ ಮೈಕು ಚಾಲೂ ಇರುತ್ತದೆ, ತಮ್ಮಷ್ಟಕ್ಕೆ ಗೊಣಗಿಕೊಳ್ಳುತ್ತಾರೆ. ನೋಡುಗರ ಕಿವಿಗೆ ಬೀಳುವುದು ಎರಡು ಮಾತು: ತಾನು ಅದೇನು ಮಾಡಿಬಿಟ್ಟೆ ಎಂಬ ಪ್ರಶ್ನೆ, ಅದರ ಹಿಂದೆಯೇ ಎಲ್ಲರನ್ನೂ ಕೊಂದೆನಲ್ಲ ಎಂಬ ಉತ್ತರ. ತಪ್ಪೊಪ್ಪಿಗೆ ಎಂದರೆ ಇದಕ್ಕಿಂತ ಸ್ಪಷ್ಟವಾಗಿರಲು ಸಾಧ್ಯವಿಲ್ಲ. 2019ರಲ್ಲಿ ನ್ಯಾಯಾಲಯದ ಕಡತದ ಮೂಲಕ ಆ ಧ್ವನಿಯ ಪೂರ್ತಿ ಲಿಖಿತ ರೂಪ ಹೊರಬಂದಾಗ, ಕೊಂದೆ ಎಂಬ ಮಾತು ಮೊದಲೇ ಬಂದಿತ್ತೆಂದೂ, ಅದಾದ ಮೇಲೆ ಬೇರೆ ಹಲವು ಮುರುಕು ಮಾತುಗಳು ಹಾದುಹೋದ ನಂತರ ಕಟ್ಟಕಡೆಗೆ ಆ ಪ್ರಶ್ನೆ ಬಂದಿತ್ತೆಂದೂ ತಿಳಿಯಿತು. ಸಂಕಲನದಲ್ಲಿ ಅನುಕ್ರಮ ಬದಲಾಗಿ ಎರಡು ಬಿಡಿ ಗೊಣಗಾಟಗಳು ಒಂದು ಪ್ರಶ್ನೋತ್ತರವಾಗಿಬಿಟ್ಟಿದ್ದವು. ಡರ್ಸ್ಟ್ 2021ರಲ್ಲಿ ತಮ್ಮ ಗೆಳತಿಯ ಕೊಲೆಗಾಗಿ ಶಿಕ್ಷೆಗೊಳಗಾದರು, ಮರುವರ್ಷ ತೀರಿಕೊಂಡರು. ಹಾಗಾದರೆ ಚಿತ್ರ ಹೇಳಿದ್ದು ನಿಜವೇ ಆಯಿತಲ್ಲ ಎಂದು ಕೇಳುವವರಿದ್ದಾರೆ. ತೀರ್ಪು ಸರಿಯಾದ ಮಾತ್ರಕ್ಕೆ ಆ ಬೆಸುಗೆ ಸರಿಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಪರಾಧಿಯ ವಿಷಯದಲ್ಲಿ ನಾವು ಒಪ್ಪಿಕೊಂಡ ಕೈಚಳಕವನ್ನು ನಿರಪರಾಧಿಯ ವಿಷಯದಲ್ಲಿ ಆಕ್ಷೇಪಿಸಲು ಬಾಯಿ ಇರುವುದಿಲ್ಲ.

ಇಂಥ ಬೆಸುಗೆಯನ್ನು ಕಿವಿಯಿಂದ ಹಿಡಿಯಬಹುದು. ಹೆಡ್‌ಫೋನ್ ಹಾಕಿಕೊಂಡು ಮಾತಿನ ಹಿಂದಿರುವ ಕೋಣೆಯ ಸದ್ದನ್ನು ಗಮನಿಸಿ. ಫ್ಯಾನಿನ ಗುಂಯ್‌ಗುಡುವಿಕೆ ವಾಕ್ಯದ ನಡುವೆ ಬದಲಾದರೆ, ಹೊರಗಿನ ಆಟೋದ ಹಾರ್ನ್ ಅರ್ಧಕ್ಕೇ ಕಡಿದುಹೋದರೆ, ಉಸಿರೆಳೆದುಕೊಳ್ಳದೆ ಎರಡು ದೀರ್ಘ ವಾಕ್ಯಗಳು ಬಂದರೆ, ಅಲ್ಲಿ ಕತ್ತರಿ ಬಿದ್ದಿದೆ. ವಾಕ್ಯ ಮುಗಿಯುವಾಗ ಸ್ವರ ಇಳಿಯಬೇಕು. ಏರುದನಿಯಲ್ಲೇ ಮಾತು ನಿಂತಿದ್ದರೆ ಹೇಳುವವರು ಇನ್ನೂ ಏನನ್ನೋ ಹೇಳುವುದರಲ್ಲಿದ್ದರು ಎಂದೇ ಅರ್ಥ.

ಕನ್ನಡದ ಸಂದರ್ಶನಗಳಲ್ಲಿ ಈ ಕೊನೆಯ ಗುರುತು ವಿಶೇಷವಾಗಿ ಮುಖ್ಯ, ಏಕೆಂದರೆ ನಮ್ಮ ಭಾಷೆ ತನ್ನ ಜವಾಬ್ದಾರಿಯನ್ನೆಲ್ಲ ವಾಕ್ಯದ ತುದಿಯಲ್ಲಿ ಇಟ್ಟುಕೊಂಡಿದೆ. ಕ್ರಿಯಾಪದ ಕೊನೆಗೆ, ನಿಷೇಧ ಕೊನೆಗೆ, ಇದು ತಾನು ಕಂಡದ್ದಲ್ಲ, ಕೇಳಿದ್ದು ಎಂದು ತಿಳಿಸುವ ‘ಅಂತೆ’ಯೂ ಕೊನೆಗೆ. ಒಂದು ಕಲ್ಪಿತ ಉದಾಹರಣೆ ನೋಡಿ: ‘ಕೆರೆ ಮುಚ್ಚಿಸಿದವರು ಪಂಚಾಯಿತಿಯವರೇ ಅಂತ ಊರಲ್ಲಿ ಹೇಳ್ತಾರೆ, ನಾನಂತೂ ಕಂಡಿಲ್ಲ.’ ಇದರಲ್ಲಿ ‘ಪಂಚಾಯಿತಿಯವರೇ’ ಎಂಬಲ್ಲಿಗೆ ಕತ್ತರಿಸಿ, ಒಣಗಿದ ಕೆರೆಯಂಗಳದ ಚಿತ್ರ ಜೋಡಿಸಿದರೆ, ಊರಿನ ಗಾಳಿಮಾತು ಪ್ರತ್ಯಕ್ಷ ಸಾಕ್ಷ್ಯವಾಗಿ ಬದಲಾಗುತ್ತದೆ. ಹೇಳಿದವರ ಒಂದು ಅಕ್ಷರವನ್ನೂ ತಿದ್ದಬೇಕಾಗಿಲ್ಲ. ಇಂಗ್ಲಿಷಿನಲ್ಲಿ ‘ಊರವರು ಹೇಳುವ ಪ್ರಕಾರ’ ಎಂಬ ಅರ್ಥದ ಮಾತು ಸಾಮಾನ್ಯವಾಗಿ ಮುಂಚೆಯೇ ಬಂದುಬಿಡುವುದರಿಂದ ಅದನ್ನು ತೆಗೆಯಲು ವಾಕ್ಯದ ತಲೆ ಕಡಿಯಬೇಕು, ಕನ್ನಡದಲ್ಲಿ ಬಾಲ ಕಡಿದರೆ ಸಾಕು. ಆದ್ದರಿಂದ ಕನ್ನಡಿಗರು ಮಾತಾಡುವ ಚಿತ್ರ ನೋಡುವಾಗ ಪ್ರತಿ ಗಂಭೀರ ಆರೋಪದ ವಾಕ್ಯವೂ ಕ್ರಿಯಾಪದದವರೆಗೆ ಕೇಳಿಸಿತೇ ಎಂದು ಪರೀಕ್ಷಿಸಿ. ಬೇರೆ ಭಾಷೆಯ ಸಬ್‌ಟೈಟಲ್ ಇದ್ದರೆ ಅದರಲ್ಲಿ ಆ ‘ಅಂತೆ’ ಉಳಿದಿದೆಯೇ ಎಂಬುದನ್ನೂ ನೋಡಿ. ತುಳು, ಕೊಡವ, ಬ್ಯಾರಿ ಮಾತಾಡುವವರ ಚಿತ್ರಗಳಲ್ಲಿ ಆ ಭಾಷೆ ಬಲ್ಲ ಗೆಳೆಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು.

ದಿನಾಂಕಗಳ ಪಟ್ಟಿ

ಮುಂದಿನ ಕೆಲಸ ಸ್ವಲ್ಪ ಶ್ಯಾನುಭೋಗಿಕೆಯದು. ಚಿತ್ರದಲ್ಲಿ ಒಂದರ ಹಿಂದೆ ಒಂದಾಗಿ ಬರುವ ಮುಖ್ಯ ಘಟನೆಗಳನ್ನು ಬರೆದುಕೊಂಡು, ಪ್ರತಿಯೊಂದೂ ನಿಜವಾಗಿ ಯಾವಾಗ ನಡೆಯಿತೆಂದು ಪತ್ರಿಕೆಗಳಲ್ಲಿ, ಸಾರ್ವಜನಿಕ ದಾಖಲೆಗಳಲ್ಲಿ ಹುಡುಕಿ ಪಕ್ಕದಲ್ಲಿ ದಿನಾಂಕ ಹಾಕಿ. ಒಂದಾದ ಮೇಲೆ ಒಂದು ಬಂದದ್ದನ್ನು ನಮ್ಮ ಮನಸ್ಸು ಒಂದರಿಂದ ಇನ್ನೊಂದು ಹುಟ್ಟಿತೆಂದು ಓದಿಕೊಳ್ಳುತ್ತದೆ. ಸಂಕಲನಕಾರರಿಗೆ ಇದು ಗೊತ್ತು. ಮೈಕೆಲ್ ಮೂರ್ 1989ರಲ್ಲಿ ತಮ್ಮ ಊರಾದ ಮಿಷಿಗನ್‌ನ ಫ್ಲಿಂಟ್ ಬಗ್ಗೆ ಮಾಡಿದ ‘ರೋಜರ್ ಅಂಡ್ ಮಿ’ ಚಿತ್ರದಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆಗಳನ್ನು ಮುಚ್ಚುವುದರಿಂದ ಕತೆ ಶುರುವಾಗುತ್ತದೆ, ಊರನ್ನು ಮೇಲೆತ್ತುವ ಹಾಸ್ಯಾಸ್ಪದ ಪ್ರಯತ್ನಗಳು ಅದರ ಪರಿಣಾಮಗಳಂತೆ ಹಿಂಬಾಲಿಸುತ್ತವೆ. ಆದರೆ ಚಿತ್ರದ ಕೇಂದ್ರದಲ್ಲಿರುವ ಮುಚ್ಚುಗಡೆಯ ಘೋಷಣೆ 1986ರದು. ರೊನಾಲ್ಡ್ ರೇಗನ್ ಬಂದು ನಿರುದ್ಯೋಗಿಗಳೊಡನೆ ಪಿಜ್ಜಾ ತಿಂದದ್ದು 1980ರಲ್ಲಿ, ಅವರು ಅಧ್ಯಕ್ಷ ಪದವಿಗೆ ಇನ್ನೂ ಅಭ್ಯರ್ಥಿಯಾಗಿದ್ದಾಗ. ‘ಆಟೋವರ್ಲ್ಡ್’ ಎಂಬ ವಿನೋದ ಕೇಂದ್ರ ತೆರೆದದ್ದು 1984ರಲ್ಲಿ. ‘ಫಿಲ್ಮ್ ಕಾಮೆಂಟ್’ ಪತ್ರಿಕೆಯ ಹಾರ್ಲನ್ ಜೇಕಬ್ಸನ್ ಇದನ್ನು ಮೂರ್ ಅವರ ಮುಂದೆಯೇ ಇಟ್ಟು ಪ್ರಶ್ನಿಸಿದ್ದರು. ಫ್ಲಿಂಟ್‌ನ ಸಂಕಟ ನಿಜವಾದದ್ದೇ, ಮೂರ್ ಅವರ ಕೋಪವೂ ನ್ಯಾಯವಾದದ್ದೇ. ಕಾರಣ ಮತ್ತು ಪರಿಣಾಮಗಳನ್ನು ಮಾತ್ರ ಸಂಕಲನದ ಮೇಜು ಹೊಸದಾಗಿ ಜೋಡಿಸಿತ್ತು.

ದಿನಾಂಕ ಸಿಗದಿದ್ದರೆ ಋತುವನ್ನು ಕೇಳಿ. ನಮ್ಮ ನೆಲದ ಚಿತ್ರಗಳಲ್ಲಿ ನಮಗೆ ಸಿಗುವ ದೊಡ್ಡ ಅನುಕೂಲ ಇದು. ಜೋಗ ತುಂಬಿ ಧುಮುಕುತ್ತಿದ್ದರೆ ಅದು ಮುಂಗಾರಿನ ಜೋಗ, ಬೇಸಿಗೆಯ ಸಂದರ್ಶನದ ಪಕ್ಕದಲ್ಲಿ ಅದು ಬಂದರೆ ಎರಡರ ನಡುವೆ ತಿಂಗಳುಗಳಿವೆ. ಗದ್ದೆಯಲ್ಲಿ ನಾಟಿ ನಡೆಯುತ್ತಿದೆಯೇ, ಕುಯಿಲಾಗಿ ಕೂಳೆ ಉಳಿದಿದೆಯೇ, ಮಾವು ಹೂ ಬಿಟ್ಟಿದೆಯೇ, ಅಂಗಳಕ್ಕೆ ಅಡಕೆ ಚಪ್ಪರ ಬಿದ್ದಿದೆಯೇ, ಇವೆಲ್ಲ ಮುದ್ರೆ ಹಾಕಿದ ಪಂಚಾಂಗದಷ್ಟೇ ನಂಬಿಕಸ್ತವಾದವು. ವ್ಯಕ್ತಿಗಳ ಗಡ್ಡ, ಕೂದಲು, ಅಂಗಿ ಬದಲಾಗುವುದನ್ನೂ ಗಮನಿಸಿ; ಒಂದೇ ಸಂಭಾಷಣೆಯೆಂಬಂತೆ ಬಂದದ್ದು ಎರಡು ಭೇಟಿಗಳದ್ದಾಗಿರಬಹುದು.

ವನ್ಯಜೀವಿ ಚಿತ್ರಗಳಲ್ಲಿ ಕಾಲದ ಜೊತೆಗೆ ಪಾತ್ರಗಳೂ ಕೂಡಿಕೆಯಾಗುತ್ತವೆ. 2016ರ ‘ಪ್ಲಾನೆಟ್ ಅರ್ತ್ 2’ ಸರಣಿಯಲ್ಲಿ ಗ್ಯಾಲಪಗೋಸ್ ದ್ವೀಪದ ಮರಿ ಇಗುವಾನಾ (ದೊಡ್ಡ ಹಲ್ಲಿಯಂಥ ಪ್ರಾಣಿ) ಒಂದು ಹಾವುಗಳ ಹಿಂಡಿನಿಂದ ತಪ್ಪಿಸಿಕೊಂಡು ಓಡುವ ದೃಶ್ಯವನ್ನು ಉಸಿರು ಬಿಗಿಹಿಡಿದು ನೋಡದವರು ಕಡಿಮೆ. ಅದು ಒಂದೇ ಮರಿಯ ಓಟವಲ್ಲ, ಬೇರೆ ಬೇರೆ ಓಟಗಳನ್ನು ಹೊಂದಿಸಿ ಕಟ್ಟಿದ್ದು ಎಂದು ಅದರ ನಿರ್ಮಾಪಕಿಯೇ ಮುಂದೆ ತಿಳಿಸಿದರು. ನನಗೆ ಇದರಲ್ಲಿ ದೊಡ್ಡ ಆಕ್ಷೇಪವಿಲ್ಲ. ಇಗುವಾನಾಗಳು ಹಾಗೆ ಓಡುತ್ತವೆ, ಹಾವುಗಳು ಹಾಗೆ ಬೇಟೆಯಾಡುತ್ತವೆ. ಆ ಒಂದು ಮರಿ ಗೆದ್ದಿತೆಂಬ ಸಂತೋಷ ಮಾತ್ರ ನಮಗೆ ಸಿಕ್ಕಿದ ಸಾಲ.

ಆಡಿಸಿದ್ದು, ಆಡಿಸಿದ್ದೆಂದು ಹೇಳಿದ್ದು

ದೃಶ್ಯವೊಂದು ತಾನಾಗಿ ನಡೆಯಿತೋ, ಕ್ಯಾಮೆರಾಕ್ಕಾಗಿ ನಡೆಸಲಾಯಿತೋ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಮಾನ್ಯವಾಗಿ ಸಾಕು: ಕ್ಯಾಮೆರಾ ಅಲ್ಲಿಗೆ ಮೊದಲೇ ಹೇಗೆ ತಲುಪಿತು? ಮನುಷ್ಯ ಬಾಗಿಲು ತೆರೆದು ಒಳಗೆ ಬರುವಾಗ ಕ್ಯಾಮೆರಾ ಒಳಗಿದ್ದರೆ, ದಂಪತಿ ಮುಂಜಾನೆ ಕಣ್ಣುಬಿಡುವಾಗ ಅದು ಹಾಸಿಗೆಯ ಪಕ್ಕದಲ್ಲಿದ್ದರೆ, ಯಾರೋ ಯಾರಿಗೋ ಏನನ್ನೋ ಹೇಳಿದ್ದಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಹುಟ್ಟಿದಾಗ ಕ್ಯಾಮೆರಾ ಇರಲಿಲ್ಲ, ಆದರೂ ಈ ಸಂದರ್ಭಕ್ಕೆಂದೇ ಮಾಡಿದ ಹಾಗಿದೆ.

ಕೆನಡಾದ ಹಿಮನಾಡಿನ ಮೂಲನಿವಾಸಿಗಳಾದ ಇನುಯಿಟ್ ಜನರ ಒಂದು ಕುಟುಂಬವನ್ನು ತೋರಿಸುವ, 1922ರಲ್ಲಿ ತೆರೆಕಂಡ ಫ್ಲಾಹರ್ಟಿಯ ‘ನಾನೂಕ್ ಆಫ್ ದಿ ನಾರ್ತ್’ನಲ್ಲಿ ಈ ಪ್ರಶ್ನೆ ಅಕ್ಷರಶಃ ಮನೆಯ ಗೋಡೆಯನ್ನೇ ಕೆಡವುತ್ತದೆ. ಹಿಮದ ಇಗ್ಲೂ ಮನೆಯೊಳಗೆ ಆ ಕಾಲದ ಕ್ಯಾಮೆರಾಕ್ಕೆ ಬೇಕಾದಷ್ಟು ಬೆಳಕಾಗಲಿ ಜಾಗವಾಗಲಿ ಇರಲಿಲ್ಲವಾದ್ದರಿಂದ ಒಂದು ಬದಿ ತೆರೆದಿಟ್ಟ ದೊಡ್ಡ ಇಗ್ಲೂ ಕಟ್ಟಿಸಿದರು. ಒಳಗೆ ಮಲಗುವಂತೆ ನಟಿಸಿದ ಕುಟುಂಬ ಹೊರಗಿನ ಚಳಿಯಲ್ಲೇ ಇತ್ತು. ನಾನೂಕ್ ಎಂಬಾತನ ನಿಜವಾದ ಹೆಸರು ಅಲ್ಲಕರಿಯಲ್ಲಕ್, ಚಿತ್ರದ ಹೆಂಡತಿ ಆತನ ಹೆಂಡತಿಯಲ್ಲ, ಆ ಜನರ ಬಳಿ ಬಂದೂಕುಗಳಿದ್ದರೂ ವಾಲ್ರಸ್ ಬೇಟೆ ಈಟಿಯಿಂದ ನಡೆಯಿತು. ಗ್ರಾಮಫೋನ್ ತಟ್ಟೆಯನ್ನು ಆತ ಬೆರಗಿನಿಂದ ಕಚ್ಚಿ ನೋಡುವ ದೃಶ್ಯವೂ ಆಡಿಸಿದ್ದೇ. ಫ್ಲಾಹರ್ಟಿಗೆ ಬೇಕಾಗಿದ್ದದ್ದು ತನ್ನ ಮುಂದೆ ನಿಂತ 1920ರ ಇನುಯಿಟ್ ಜನರಲ್ಲ, ಅವರ ಹಿಂದಿನ ತಲೆಮಾರು. ಆತ 1934ರಲ್ಲಿ ಐರ್ಲೆಂಡಿನ ದ್ವೀಪಗಳಲ್ಲಿ ‘ಮ್ಯಾನ್ ಆಫ್ ಆರನ್’ ಮಾಡಿದಾಗಲೂ ಅಲ್ಲಿನವರು ದಶಕಗಳ ಹಿಂದೆಯೇ ಬಿಟ್ಟುಬಿಟ್ಟಿದ್ದ ಶಾರ್ಕ್ ಬೇಟೆಯನ್ನು ಅವರಿಗೆ ಮತ್ತೆ ಕಲಿಸಿ ಮಾಡಿಸಬೇಕಾಯಿತು.

ಇದಕ್ಕಿಂತ ಕೆಟ್ಟದ್ದು ಡಿಸ್ನಿಯ ‘ವೈಟ್ ವೈಲ್ಡರ್ನೆಸ್’. 1958ರ ಆ ಚಿತ್ರದಲ್ಲಿ ಲೆಮಿಂಗ್ ಎಂಬ ಪುಟ್ಟ ದಂಶಕಗಳು ಗುಂಪಾಗಿ ಬಂಡೆಯ ಮೇಲಿಂದ ನೀರಿಗೆ ಹಾರಿ ಸಾಯುತ್ತವೆ. ಕಡಲೇ ಇಲ್ಲದ ಕೆನಡಾದ ಆಲ್ಬರ್ಟಾ ಪ್ರಾಂತ್ಯಕ್ಕೆ ಬೇರೆಡೆಯಿಂದ ಕೊಂಡುತಂದ ಪ್ರಾಣಿಗಳನ್ನು ಚಿತ್ರತಂಡವೇ ಬಂಡೆಯಿಂದ ಕೆಳಕ್ಕೆ ದಬ್ಬಿತ್ತೆಂಬುದು 1980ರ ದಶಕದಲ್ಲಿ ಸಿಬಿಸಿ ವಾಹಿನಿಯ ತನಿಖೆಯಿಂದ ಬಯಲಾಯಿತು. ಅಷ್ಟರೊಳಗೆ ಚಿತ್ರಕ್ಕೆ ಆಸ್ಕರ್ ಬಂದಾಗಿತ್ತು, ಲೆಮಿಂಗ್‌ಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ನಂಬಿಕೆ ಲೋಕದಲ್ಲೆಲ್ಲ ಗಟ್ಟಿಯಾಗಿಯೂ ಆಗಿತ್ತು.

ಹಾಗೆಂದು ಆಡಿಸಿದ್ದೆಲ್ಲ ವಂಚನೆಯಲ್ಲ. ಸತ್ಯಜಿತ್ ರೇ 1961ರ ತಮ್ಮ ‘ರವೀಂದ್ರನಾಥ ಠಾಗೋರ್’ ಚಿತ್ರದಲ್ಲಿ ಕವಿಯ ಬಾಲ್ಯವನ್ನು ನಟರಿಂದ ಆಡಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಬಾಲಕನನ್ನು ಅಂದೇ ಚಿತ್ರೀಕರಿಸಲಾಗಿತ್ತೆಂದು ಯಾರೂ ನಂಬುವುದಿಲ್ಲ, ಆದ್ದರಿಂದ ಅಲ್ಲಿ ಮೋಸಹೋಗುವವರೇ ಇಲ್ಲ. ಗಿರೀಶ ಕಾಸರವಳ್ಳಿ ಅವರು ಯು.ಆರ್. ಅನಂತಮೂರ್ತಿ ಅವರ ಬಗ್ಗೆ ಮಾಡಿದ ಸಾಕ್ಷ್ಯಚಿತ್ರಕ್ಕೆ, ಇದು ಜೀವನಚರಿತ್ರೆಯಲ್ಲ, ಒಂದು ಊಹೆ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಸಾಕ್ಷಿ ತಾನು ಎಲ್ಲಿ ನಿಂತು ನೋಡಿದೆನೆಂದು ಪ್ರಮಾಣವಚನದ ಜೊತೆಗೇ ಹೇಳಿಬಿಟ್ಟಂತೆ ಇದು.

ನಿಲುವು ಮತ್ತು ನಿಲ್ಲುವ ಜಾಗ

ನಿಲುವು ಇರುವ ಚಿತ್ರವನ್ನು ಏಕಪಕ್ಷೀಯವೆಂದು ತಳ್ಳಿಹಾಕುವುದು, ನಿಲುವು ಕಾಣದ ಚಿತ್ರವನ್ನು ವಸ್ತುನಿಷ್ಠವೆಂದು ಒಪ್ಪುವುದು, ಇವೆರಡೂ ಸೋಮಾರಿತನದ ನೋಟಗಳು. ಬೆಂಗಳೂರಿನ ದೀಪಾ ಧನರಾಜ್ ಅವರ 1991ರ ‘ಸಮ್‌ಥಿಂಗ್ ಲೈಕ್ ಎ ವಾರ್’ ಭಾರತದ ಕುಟುಂಬ ಯೋಜನೆಯನ್ನು ಕುರಿತದ್ದು. ಸಂತಾನಹರಣ ಶಸ್ತ್ರಚಿಕಿತ್ಸಾ ಶಿಬಿರದಲ್ಲಿ ಮಾಡಿ ಮುಗಿಸಿದ ಸಂಖ್ಯೆಗಳ ಬಗ್ಗೆ ಹೆಮ್ಮೆಪಡುವ ವೈದ್ಯರು ಒಂದು ಕಡೆ, ತಮ್ಮ ದೇಹದ ಬಗ್ಗೆ ತಾವೇ ಒಟ್ಟಾಗಿ ಕುಳಿತು ಮಾತಾಡುವ ಹೆಂಗಸರು ಇನ್ನೊಂದು ಕಡೆ. ಸಂಕಲನ ಇವೆರಡನ್ನೂ ಎದುರುಬದುರು ಇಡುತ್ತದೆ. ಚಿತ್ರ ಯಾರ ಪರ ಎಂಬುದು ಗುಟ್ಟೇನಲ್ಲ, ಅದರ ಬೆಸುಗೆ ಕಣ್ಣಿಗೆ ಕಾಣುವಂತಿದೆ, ಬೇಕಾದವರು ಅದರೊಡನೆ ಜಗಳವಾಡಬಹುದು. 1992ರ ‘ರಾಮ್ ಕೆ ನಾಮ್’ ಸೇರಿದಂತೆ ಆನಂದ್ ಪಟವರ್ಧನ್ ಅವರ ಚಿತ್ರಗಳಲ್ಲಿ ಕ್ಯಾಮೆರಾದ ಹಿಂದಿನಿಂದ ಪ್ರಶ್ನೆ ಕೇಳುವ ಅವರ ಧ್ವನಿ ನಮಗೆ ಕೇಳಿಸುತ್ತದೆ. ಪ್ರಶ್ನೆ ಕೇಳಿಸಿದರೆ ಉತ್ತರವನ್ನು ತೂಗುವುದು ಸುಲಭ.

ಇನ್ನೊಂದು ತುದಿಯಲ್ಲಿ ಅಮೆರಿಕದ ಫ್ರೆಡರಿಕ್ ವೈಸ್‌ಮನ್ ಅವರ ಚಿತ್ರಗಳಿವೆ. ನಿರೂಪಣೆಯಿಲ್ಲ, ಸಂದರ್ಶನವಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಗೋಡೆಯ ಮೇಲೆ ಕುಳಿತ ನೊಣ ಕಂಡಂತೆ ಎಲ್ಲ ತಾನಾಗಿ ನಡೆಯುತ್ತದೆ ಎನ್ನಿಸುತ್ತದೆ. ಮಾನಸಿಕ ಅಸ್ವಸ್ಥ ಕೈದಿಗಳ ಆಸ್ಪತ್ರೆಯೊಂದನ್ನು ಕುರಿತ, ಮ್ಯಾಸಚೂಸೆಟ್ಸ್ ರಾಜ್ಯದ ನ್ಯಾಯಾಲಯದ ನಿರ್ಬಂಧದಿಂದಾಗಿ 1991ರವರೆಗೆ ಸಾರ್ವಜನಿಕರು ಮುಕ್ತವಾಗಿ ನೋಡಲಾಗದಿದ್ದ ಅವರ 1967ರ ‘ಟಿಟಿಕಟ್ ಫಾಲೀಸ್’ನಲ್ಲಿ, ಊಟ ಬಿಟ್ಟ ಕೈದಿಗೆ ಮೂಗಿನ ಮೂಲಕ ನಳಿಗೆ ತೂರಿಸಿ ಬಲವಂತವಾಗಿ ಉಣಿಸುವ ದೃಶ್ಯವಿದೆ. ಅದರ ನಡುನಡುವೆ ಅದೇ ಮನುಷ್ಯನ ಶವಕ್ಕೆ ಗಡ್ಡ ತೆಗೆದು ಅಂತ್ಯಕ್ರಿಯೆಗೆ ಸಿದ್ಧಪಡಿಸುವ ಚಿತ್ರಿಕೆಗಳು ಸದ್ದಿಲ್ಲದೆ ಬಂದುಹೋಗುತ್ತವೆ. ಬದುಕಿದ್ದಾಗ ಸಿಗದ ಜತನ ಸತ್ತ ಮೇಲೆ ಸಿಕ್ಕಿತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕತ್ತರಿ ಹೇಳುತ್ತದೆ. ಯಾವ ನೊಣವೂ ಎರಡು ಬೇರೆ ದಿನಗಳನ್ನು ಹೀಗೆ ಹೆಣೆಯಲಾರದು.

ಆದ್ದರಿಂದ ಪ್ರತಿ ಚಿತ್ರಕ್ಕೂ ಕೇಳಬೇಕಾದ ಪ್ರಶ್ನೆಗಳಲ್ಲಿ ಹಣ ಯಾರದು ಎಂಬುದೂ, ಮಾತಾಡಬೇಕಿದ್ದ ಯಾರು ಮಾತಾಡಿಲ್ಲ ಎಂಬುದೂ ಸೇರಿರಬೇಕು. ಕೊನೆಯ ಹೆಸರುಗಳ ಪಟ್ಟಿಯನ್ನು ನಿಲ್ಲಿಸಿ ಓದಿ. ‘ನಾನೂಕ್’ಗೆ ಹಣ ಕೊಟ್ಟದ್ದು ರೆವಿಯೋನ್ ಫ್ರೇರ್ ಎಂಬ ತುಪ್ಪಳದ ವ್ಯಾಪಾರ ಸಂಸ್ಥೆ; ಅದನ್ನು ತಿಳಿದು ನೋಡಿದರೆ ಚಿತ್ರದಲ್ಲಿ ತುಪ್ಪಳ ಮಾರಲು ಬರುವ ಕುಟುಂಬದ ನಗು ಬೇರೆಯಾಗಿಯೇ ಕಾಣುತ್ತದೆ. ನಿಗಮ, ಇಲಾಖೆ, ಸೇವಾಸಂಸ್ಥೆ ಯಾರೇ ಹಣ ಹಾಕಿರಲಿ, ಅವರನ್ನು ನೋಯಿಸುವ ಒಂದಾದರೂ ದೃಶ್ಯ ಚಿತ್ರದಲ್ಲಿದೆಯೇ ಎಂದು ಹುಡುಕಿ.

ಸಂಗೀತದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವ್ಯಕ್ತಿ ಬಾಯಿ ತೆರೆಯುವ ಮೊದಲೇ ವಯಲಿನ್ ಅಳತೊಡಗಿದರೆ ನಿಮ್ಮ ತೀರ್ಪನ್ನು ಬೇರೆಯವರು ಬರೆಯುತ್ತಿದ್ದಾರೆ ಎಂದು ತಿಳಿಯಿರಿ. ದೂರದ ಲೆನ್ಸಿನಿಂದ ತೆಗೆದ ಪ್ರಾಣಿಗಳ ಹೆಜ್ಜೆಸದ್ದು, ಅಗಿಯುವ ಸದ್ದು ಬಹು ಮಟ್ಟಿಗೆ ಸ್ಟುಡಿಯೋದಲ್ಲಿ ಹುಟ್ಟಿದ್ದು. ಇನ್ನು ಕೃತಕ ಬುದ್ಧಿಮತ್ತೆಯ ಧ್ವನಿ: ತೀರಿಕೊಂಡಿದ್ದ ಅಮೆರಿಕದ ಬಾಣಸಿಗ, ಟಿವಿ ನಿರೂಪಕ ಆಂಥನಿ ಬೋರ್ಡೇನ್ ಬಗೆಗಿನ 2021ರ ‘ರೋಡ್‌ರನ್ನರ್’ ಚಿತ್ರದಲ್ಲಿ ಅವರು ಬರೆದಿದ್ದರೂ ಬಾಯಿಬಿಟ್ಟು ಹೇಳಿರದ ಕೆಲವು ಮಾತುಗಳನ್ನು ಅವರ ಧ್ವನಿಯಂತೆಯೇ ಕೃತಕವಾಗಿ ಸೃಷ್ಟಿಸಿ ಸೇರಿಸಲಾಗಿತ್ತು, ಚಿತ್ರದೊಳಗೆ ಅದರ ಸೂಚನೆ ಇರಲಿಲ್ಲ. ಇಂಥದ್ದನ್ನು ಕಿವಿಯಿಂದ ಹಿಡಿಯುವುದು ಇನ್ನು ಮುಂದೆ ಕಷ್ಟ. ಸತ್ತವರ ಧ್ವನಿ ಕೇಳಿಸಿದಾಗಲೆಲ್ಲ ಅದು ಯಾವ ಸಂದರ್ಭದ, ಯಾವ ಮುದ್ರಣದ್ದೆಂದು ಚಿತ್ರ ತಿಳಿಸುತ್ತದೆಯೇ ಎಂದು ನೋಡಿ, ತಿಳಿಸದಿದ್ದರೆ ನೋಟುಬುಕ್ಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಈಗ ಮೊದಲ ನೋಟದ ನಂತರ ಬರೆದಿಟ್ಟ ಮೂರು ವಾಕ್ಯಗಳಿಗೆ ಹಿಂತಿರುಗಿ. ಪ್ರತಿಯೊಂದರ ಕೆಳಗೂ ಅದನ್ನು ಯಾವುದು ಹೊತ್ತು ನಿಂತಿದೆಯೆಂದು ಬರೆಯಿರಿ: ಕಣ್ಣಾರೆ ಕಂಡದ್ದೇ, ಒಬ್ಬರ ಪೂರ್ಣ ಮಾತೇ, ನಿರೂಪಕರ ಮಾತೇ, ಎರಡು ಚಿತ್ರಿಕೆಗಳ ನಡುವಿನ ಬೆಸುಗೆಯೇ, ಬರೀ ಸಂಗೀತವೇ. ಕೆಲವು ವಾಕ್ಯಗಳು ಉದುರಿಹೋಗುತ್ತವೆ, ಕೆಲವು ಮೊದಲಿಗಿಂತ ಗಟ್ಟಿಯಾಗುತ್ತವೆ.

ಎಲ್ಲ ವಿಧಾನಗಳನ್ನೂ ಒಂದೇ ಚಿತ್ರದ ಮೇಲೆ ಪ್ರಯೋಗಿಸಬೇಕೆಂದಿದ್ದರೆ ಎರಲ್ ಮಾರಿಸ್ ಅವರ 1988ರ ‘ದಿ ಥಿನ್ ಬ್ಲೂ ಲೈನ್’ ಆರಿಸಿಕೊಳ್ಳಿ. 1976ರಲ್ಲಿ ಡಲ್ಲಾಸ್‌ನಲ್ಲಿ ನಡೆದ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಗೆ ಶಿಕ್ಷೆ ಅನುಭವಿಸುತ್ತಿದ್ದ ರಾಂಡಲ್ ಡೇಲ್ ಆಡಮ್ಸ್ ಅವರ ಪ್ರಕರಣ ಅದರ ವಸ್ತು. ಕೊಲೆಯ ಕ್ಷಣವನ್ನು ಮಾರಿಸ್ ನಟರಿಂದ ಮತ್ತೆ ಮತ್ತೆ ಆಡಿಸುತ್ತಾರೆ, ಒಬ್ಬೊಬ್ಬ ಸಾಕ್ಷಿಯ ಹೇಳಿಕೆಗೂ ಒಂದೊಂದು ಆವೃತ್ತಿ; ಕಾರು, ಕೈ, ಗಾಳಿಯಲ್ಲಿ ಸುತ್ತುತ್ತ ಬೀಳುವ ಮಿಲ್ಕ್‌ಶೇಕ್ ಲೋಟ. ಎಲ್ಲವೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲವೆಂದು ನೋಡುಗರಿಗೆ ತಾನಾಗಿ ತಿಳಿಯುತ್ತದೆ. ಚಿತ್ರ ಬಂದ ಮರುವರ್ಷ ಆಡಮ್ಸ್ ಬಿಡುಗಡೆಯಾದರು. ಅವರ ವಿರುದ್ಧ ಸಾಕ್ಷಿ ಹೇಳಿದ್ದ ಡೇವಿಡ್ ಹ್ಯಾರಿಸ್ ಎಂಬಾತ, ಆಡಮ್ಸ್ ನಿರಪರಾಧಿಯೆಂದು ತನಗೆ ಗೊತ್ತಿತ್ತೆಂಬುದನ್ನು ಹೊರಗೆಡಹುವ ಕೊನೆಯ ಸಂದರ್ಶನದ ದಿನ ಮಾರಿಸ್ ಅವರ ಕ್ಯಾಮೆರಾ ಕೆಟ್ಟಿತ್ತು, ಧ್ವನಿ ಮಾತ್ರ ದಾಖಲಾಯಿತು. ಆ ಭಾಗವನ್ನು ಧ್ವನಿಯಿಲ್ಲದೆ ನೋಡಿದರೆ ಪರದೆಯ ಮೇಲೆ ಸಿಗುವುದು ಬೇರೆ ಬೇರೆ ಕೋನಗಳಿಂದ ತೆಗೆದ, ಚಕ್ರ ತಿರುಗುತ್ತಿರುವ ಒಂದು ಸಣ್ಣ ಟೇಪ್ ರೆಕಾರ್ಡರ್. ಆಮೇಲೆ ಕಣ್ಣು ಮುಚ್ಚಿಕೊಂಡು ಕೇಳಿ, ಹೆಡ್‌ಫೋನ್ ತೆಗೆಯಬೇಡಿ, ಉಸಿರನ್ನೂ ಕೋಣೆಯ ಸದ್ದನ್ನೂ ಗಮನಿಸುತ್ತಿರಿ.